ಮೂವತ್ತೊಂಬತ್ತು ಓಟಿನ ಸಂಘ

ಯೂನಿವರ್ಸಿಟಿ ಅಂದಕೂಡಲೇ ನಮ್ಮ ಕಣ್ಣಮುಂದೆ ಬರುವುದು ಪ್ರೊಫೆಸರು, ಗ್ರಂಥಾಲಯ, ಘಟಿಕೋತ್ಸವದ ಕರಿ ನಿಲುವಂಗಿ. ಆ ಪ್ರೊಫೆಸರನ ಪುಸ್ತಕವನ್ನು ನಾಲ್ಕು ಸಲ ಟೈಪು ಮಾಡಿದವಳು ಯಾರು? ಗ್ರಂಥಾಲಯದ ಕಾರ್ಡುಗಳನ್ನು ಜೋಡಿಸಿಟ್ಟವಳು ಯಾರು? ಪ್ರಯೋಗಾಲಯದಲ್ಲಿ ಗಾಜಿನ ನಳಿಗೆ ತೊಳೆದವಳು, ಫೋನೆತ್ತಿ ‘ನಮಸ್ಕಾರ’ ಅಂದವಳು ಯಾರು? ಇವರ ಹೆಸರು ಮುನ್ನುಡಿಯ ಕೊನೆಯ ಸಾಲಿನಲ್ಲಿ ಒಂದು ಕೃತಜ್ಞತೆಯಾಗಿ ಬಂದರೆ ಅದೇ ದೊಡ್ಡದು. ಇಂಥವರು ಅಮೆರಿಕದ ಅತಿ ಶ್ರೀಮಂತ ವಿಶ್ವವಿದ್ಯಾಲಯವೊಂದರಲ್ಲಿ ಸಂಘ ಕಟ್ಟಿ, 1984ರಲ್ಲಿ ಹತ್ತು ವಾರ ಬೀದಿಗಿಳಿದ ಕತೆಯನ್ನು ನಾವು ಇಲ್ಲಿ ಹೇಳಬೇಕೆಂದಿದ್ದೇವೆ. ಕರಪತ್ರ ಹಂಚಿ ಹಂಚಿ ಕೈಸೋತ ನಮ್ಮಂಥವರು ಈ ಕತೆಯನ್ನು ತಿಳಿದಿರಬೇಕು.

ಆ ವಿಶ್ವವಿದ್ಯಾಲಯದ ಹೆಸರು ಯೇಲ್. ಊರು ನ್ಯೂ ಹೇವನ್, ಕನೆಕ್ಟಿಕಟ್ ರಾಜ್ಯ. ಆ ಹೆಸರಿಗೂ ನಮಗೂ ಒಂದು ಹಳೆಯ ಲೆಕ್ಕ ಇದೆ. ಎಲಿಹು ಯೇಲ್ ಎಂಬಾತ 1687ರಿಂದ 1692ರವರೆಗೆ ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಆಗಿದ್ದ. ಸ್ವಂತ ವ್ಯಾಪಾರ ಮಾಡಿ ಗಂಟು ಕಟ್ಟಿಕೊಂಡವನು. ಅವನ ಆಳ್ವಿಕೆಯ ಕಾಲದಲ್ಲಿ ಅದೇ ಬಂದರಿನಿಂದ ಮನುಷ್ಯರನ್ನೂ ಗುಲಾಮರನ್ನಾಗಿ ಹಡಗು ಹತ್ತಿಸುತ್ತಿದ್ದರು. 1718ರಲ್ಲಿ ಈತ ಅಮೆರಿಕದ ಒಂದು ಬಡ ಕಾಲೇಜಿಗೆ ಒಂಬತ್ತು ಮೂಟೆ ಸರಕು, 417 ಪುಸ್ತಕ, ಇಂಗ್ಲೆಂಡಿನ ದೊರೆಯ ಒಂದು ಚಿತ್ರಪಟ ಕಳಿಸಿಕೊಟ್ಟ. ಸರಕು ಮಾರಿದಾಗ ಬಂದದ್ದು ಸುಮಾರು 562 ಪೌಂಡು. ಅಷ್ಟಕ್ಕೆ ಕಾಲೇಜು ಅವನ ಹೆಸರಿಟ್ಟುಕೊಂಡಿತು. ನೇಕಾರ ಯಾರೋ, ಹೆಸರು ಯಾರದೋ!

ಇರಲಿ, ವಿಷಯಕ್ಕೆ ಬರೋಣ.

1980ರ ದಶಕ ಶುರುವಾದಾಗ ಯೇಲ್‌ನಲ್ಲಿ ಒಂದು ಸಂಘ ಆಗಲೇ ಇತ್ತು. ಅಡುಗೆಮನೆಯವರು, ಕಸ ಗುಡಿಸುವವರು, ಕೊಳಾಯಿ ರಿಪೇರಿಯವರು, ಹುಲ್ಲು ಕತ್ತರಿಸುವವರು ಸೇರಿದ ಸಂಘ. ಹೆಸರು ಲೋಕಲ್ 35. ಇವರಲ್ಲಿ ಕರಿಯರೂ ಇಟಲಿ ಮೂಲದ ಬಿಳಿಯರೂ ಬಹಳ ಮಂದಿ. 1968, 1971, 1974, 1977, ಹೀಗೆ ಒಪ್ಪಂದ ಮುಗಿದಾಗಲೆಲ್ಲ ಇವರು ಮುಷ್ಕರ ಹೂಡಿ, ಹೊಡೆದಾಡಿಯೇ ಸಂಬಳ ಕಿತ್ತುಕೊಂಡವರು. ಆದರೆ ಕಚೇರಿಯ ಮೇಜಿನ ಹಿಂದೆ ಕೂತ ಸುಮಾರು 2,600 ಗುಮಾಸ್ತೆಯರು ಮತ್ತು ತಾಂತ್ರಿಕ ಸಹಾಯಕರಿಗೆ ಸಂಘವಿರಲಿಲ್ಲ. ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಹೆಂಗಸರು. ಸಂಘ ಕಟ್ಟುವ ಯತ್ನಗಳು ಹಿಂದೆ ನಡೆದು ಸೋತಿದ್ದವು.

ಯಾಕೆ ಸೋತವು ಅನ್ನುವುದನ್ನು ನಾವು ಬೇಗ ಅರ್ಥ ಮಾಡಿಕೊಳ್ಳಬಲ್ಲೆವು. ನಮ್ಮ ತಾಲ್ಲೂಕು ಕಚೇರಿಗೆ ಹೋಗಿ ನೋಡಿ. ಗುಮಾಸ್ತೆಗೆ ಸಾಹೇಬನ ಕುರ್ಚಿಯ ಮೇಲೆ ಕಣ್ಣು, ಬೆನ್ನು ಜವಾನನ ಕಡೆಗೆ. ಪೊರಕೆ ಹಿಡಿದವನ ಸಂಘಕ್ಕೂ ಪೆನ್ನು ಹಿಡಿದ ನಮಗೂ ಏನ್ರೀ ಸಂಬಂಧ ಎಂಬ ಜಂಬ. ಅಲ್ಲಿ ಜಾತಿ ಇಲ್ಲದಿದ್ದರೂ ಈ ಮೇಲು-ಕೀಳು ಇತ್ತು. ಅದರ ಮೇಲೆ ಆಡಳಿತದ ಸಿಹಿಮಾತು: ನಾವೆಲ್ಲ ಒಂದೇ ಕುಟುಂಬ, ಕುಟುಂಬದಲ್ಲಿ ಸಂಘ ಯಾಕೆ? ಒಂದೇ ಕುಟುಂಬ ಅನ್ನುವ ಮಾತನ್ನು ಜೀತದಾಳಿಗೂ ಧಣಿ ಹೇಳಿಯೇ ಇರುತ್ತಾನೆ.

1980ರಲ್ಲಿ ಹೊಸ ಯತ್ನ ಶುರುವಾಯಿತು. ಲೋಕಲ್ 35 ಸೇರಿದ್ದ ಹೋಟೆಲ್ ಕೆಲಸಗಾರರ ರಾಷ್ಟ್ರಮಟ್ಟದ ಸಂಘವೇ ಇದಕ್ಕೆ ಬೆನ್ನಾಯಿತು. ಮುಂದೆ ನಿಂತವನು ಜಾನ್ ವಿಲ್‌ಹೆಲ್ಮ್. ಇದೇ ಯೇಲ್‌ನಲ್ಲಿ ಓದಿ, ಪದವಿ ಮುಗಿಸಿ, ಕಸಗುಡಿಸುವವರ ಸಂಘದಲ್ಲಿ ದುಡಿಯಲು ಹೋದವನು.

ಇವರು ಮಾಡಿದ್ದರಲ್ಲಿ ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದು: ಮೊದಲ ಒಂದು ವರ್ಷ ಕರಪತ್ರವನ್ನೇ ಹಂಚಲಿಲ್ಲ. ಸದಸ್ಯತ್ವದ ಚೀಟಿಗೆ ಸಹಿಯನ್ನೂ ಕೇಳಲಿಲ್ಲ. ಬರೀ ಮಾತು. ಊಟದ ಬಿಡುವಿನಲ್ಲಿ ನಾಲ್ಕು ಜನ, ಸಂಜೆ ಯಾರದೋ ಮನೆಯಲ್ಲಿ ಆರು ಜನ. ನಿನ್ನ ಕೆಲಸ ಏನು, ಎಷ್ಟು ವರ್ಷವಾಯಿತು, ಸಂಬಳ ಎಷ್ಟು, ನಿನ್ನ ಸಾಹೇಬ ನಿನ್ನನ್ನು ಹೇಗೆ ಕೂಗುತ್ತಾನೆ? ಕೇಳಬೇಕು, ಅವಳು ಹೇಳಬೇಕು. ಕರಪತ್ರ ಕೈಗೆ ಕೊಟ್ಟರೆ ಅವಳು ಓದಿ ಮಡಚಿ ಇಡುತ್ತಾಳೆ, ಅಲ್ಲಿಗೆ ಮಾತು ಮುಗಿಯಿತು. ಕೊಡದಿದ್ದರೆ ಮಾತಾಡಲೇಬೇಕಲ್ಲ! ಕೊಡುವವಳಿಗೂ ಕಾಗದದ ಹಿಂದೆ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ.

ಹೀಗೆ ಒಂದೊಂದು ವಿಭಾಗದಲ್ಲೂ ಒಬ್ಬೊಬ್ಬರು ತಯಾರಾಗಿ ಸಂಘಟನಾ ಸಮಿತಿ ನೂರಾರು ಮಂದಿಗೆ ಬೆಳೆಯಿತು. ಆಮೇಲಷ್ಟೇ ಕಾಗದಕ್ಕೆ ಕೈ ಹಚ್ಚಿದರು. ಅದರಲ್ಲೂ ಭಾಷಣ ಕಡಿಮೆ. ಆ ನೂರಾರು ಮಂದಿ ತಮ್ಮ ತಮ್ಮ ಹೆಸರು ಬಹಿರಂಗವಾಗಿ ಅಚ್ಚು ಹಾಕಿಸಿ, ನಾವು ಜೊತೆಗಿದ್ದೇವೆ ಎಂದು ಸಾರಿದರು. ನೋಡಿದವಳಿಗೆ ಕಾಣುವುದು ಪಕ್ಕದ ಮೇಜಿನವಳ ಹೆಸರು. ಸಂಘ ಅಂದರೆ ಹೊರಗಿನಿಂದ ಬಂದ ಪುಂಡರು ಎಂದು ಆಡಳಿತ ಇನ್ನು ಹೇಗೆ ಹೇಳೀತು? ನಮ್ಮಲ್ಲಿ ‘ಇಂತಿ, ಹೋರಾಟ ಸಮಿತಿ’ ಅಂತ ಕೊನೆಗೆ ಬರೆದು ಹೆಸರೇ ಇಲ್ಲದೆ ಕರಪತ್ರ ಬಿಡುವ ಗೆಳೆಯರು ಇದನ್ನೊಂದಿಷ್ಟು ಯೋಚಿಸಲಿ.

ಅಮೆರಿಕದ ಕಾನೂನಿನಲ್ಲಿ ಸಂಘಕ್ಕೆ ಮಾನ್ಯತೆ ಬೇಕಾದರೆ ಸಾಮಾನ್ಯವಾಗಿ ಗುಪ್ತ ಮತದಾನದಲ್ಲಿ ಬಹುಮತ ಪಡೆಯಬೇಕು. 1983ರ ಮೇ ತಿಂಗಳಲ್ಲಿ ಓಟು ನಡೆಯಿತು. ಸಂಘದ ಪರ 1,267, ವಿರುದ್ಧ 1,228. ಬರೀ ಮೂವತ್ತೊಂಬತ್ತು ಓಟು! ಲೋಕಲ್ 34 ಹುಟ್ಟಿತು. ಹುಟ್ಟಿದ್ದೇನೋ ಹುಟ್ಟಿತು, ಹೆಚ್ಚು ಕಡಿಮೆ ಅರ್ಧ ಮಂದಿ ಬೇಡ ಅಂದಿದ್ದರಲ್ಲ. ಅವರನ್ನು ಶತ್ರುಗಳ ಪಟ್ಟಿಗೆ ಸೇರಿಸಿದ್ದರೆ ಸಂಘ ಆರು ತಿಂಗಳಲ್ಲಿ ಸಾಯುತ್ತಿತ್ತು. ಇವರು ಮತ್ತೆ ಅದೇ ಮೇಜುಗಳಿಗೆ ಹೋಗಿ ಕೂತು, ಅದೇ ಮಾತನ್ನು ಮೊದಲಿನಿಂದ ಶುರು ಮಾಡಿದರು.

ಒಪ್ಪಂದದ ಮಾತುಕತೆ ತಿಂಗಳುಗಟ್ಟಲೆ ಎಳೆಯಿತು. 1984ರ ಏಪ್ರಿಲ್‌ನಲ್ಲಿ ಕೆಲವು ವಿಷಯಗಳ ಬಗ್ಗೆ ಅರೆಬರೆ ಒಪ್ಪಂದವಾಗಿ ಮುಷ್ಕರ ತಪ್ಪಿತು. ಸಂಬಳದ ಪ್ರಶ್ನೆ ಹಾಗೇ ಉಳಿಯಿತು. ಅಸಲಿ ಜಗಳ ಅಲ್ಲೇ ಇದ್ದದ್ದು. ಕಚೇರಿ ಸಹಾಯಕಿಗೆ ವರ್ಷಕ್ಕೆ ಸರಾಸರಿ 13 ಸಾವಿರ ಡಾಲರಿನ ಆಸುಪಾಸು, ಅದೇ ಯೂನಿವರ್ಸಿಟಿಯ ಟ್ರಕ್ಕು ಚಾಲಕನಿಗೆ 18 ಸಾವಿರದ ಆಸುಪಾಸು. ಚಾಲಕನಿಗೆ ಹೆಚ್ಚಾಯಿತು ಅಂತ ಯಾರೂ ಹೇಳಲಿಲ್ಲ, ಅವನೂ ಹೋರಾಡಿಯೇ ಪಡೆದವನು. ಪ್ರಶ್ನೆ ಇದ್ದದ್ದು, ಮೂರು ಭಾಷೆ ಬಲ್ಲ ಗ್ರಂಥಾಲಯದ ಹೆಂಗಸಿನ ದುಡಿಮೆ ಅಗ್ಗವಾದದ್ದು ಹೇಗೆ ಎಂದು. ಆಡಳಿತ ಮಾರುಕಟ್ಟೆಯನ್ನು ತೋರಿಸಿತು: ಊರಿನ ದರ ಅಷ್ಟೇ, ನಾವೇನು ಮಾಡೋಣ? ಕೂಲಿ ನಿಗದಿ ಮಾಡುವಾಗ ನಮ್ಮ ಊರಿನ ಗೌಡರೂ ಇದನ್ನೇ ಹೇಳುವುದು. ಹೆಣ್ಣಾಳಿಗೆ ಇಷ್ಟು, ಗಂಡಾಳಿಗೆ ಇಷ್ಟು, ಮೊದಲಿನಿಂದ ಬಂದದ್ದು. ಆ ‘ಮೊದಲು’ ಯಾವತ್ತು ಶುರುವಾಯಿತು ಅಂತ ಯಾರೂ ಕೇಳಬಾರದು!

ಇವರು ಎದೆಗೆ ಒಂದು ಬಿಲ್ಲೆ ಚುಚ್ಚಿಕೊಂಡರು. ಅದರ ಮೇಲೆ ಇದ್ದದ್ದು 59 ಸೆಂಟು ಎಂಬ ಅಂಕಿ. ಅಮೆರಿಕದಲ್ಲಿ ಗಂಡಸು ಒಂದು ಡಾಲರು ಗಳಿಸುವಲ್ಲಿ ಹೆಂಗಸಿಗೆ ದಕ್ಕುವುದು 59 ಸೆಂಟು ಎಂಬ ಲೆಕ್ಕ ಆಗ ಎಲ್ಲರ ಬಾಯಲ್ಲಿತ್ತು. ಇಡೀ ಪ್ರಣಾಳಿಕೆ ಒಂದು ಅಂಕಿಯಲ್ಲಿ ಅಡಗಿತು.

1984ರ ಸೆಪ್ಟೆಂಬರ್ 26ರಂದು ಮುಷ್ಕರ ಆರಂಭವಾಯಿತು. ಸುಮಾರು 1,600 ಮಂದಿ ಹೊರಬಂದರು. ಓಟಿನಲ್ಲಿ 1,267 ಇದ್ದದ್ದನ್ನು ನೆನಪಿಡಿ. ಮರುಗಳಿಗೆಯಲ್ಲೇ ನಡೆದ ಇನ್ನೊಂದು ಸಂಗತಿ ಈ ಚರಿತ್ರೆಯ ಬೆನ್ನೆಲುಬು. ಲೋಕಲ್ 35ರ ಅಡುಗೆಯವರು, ಗುಡಿಸುವವರು ಪಿಕೆಟ್ ಸಾಲನ್ನು ದಾಟಿ ಒಳಗೆ ಹೋಗುವುದಿಲ್ಲ ಎಂದು ನಿಂತರು. ಅವರ ಒಪ್ಪಂದ ಇನ್ನೂ ಜಾರಿಯಲ್ಲಿತ್ತು, ತಮಗಾಗಿ ಏನನ್ನೂ ಕೇಳುತ್ತಿರಲಿಲ್ಲ. ಆದರೂ ಬಹುತೇಕ ಎಲ್ಲರೂ ಹತ್ತು ವಾರದ ಸಂಬಳ ಬಿಟ್ಟರು. ಯಾರು ನಿನ್ನೆಯವರೆಗೆ ತಮ್ಮನ್ನು ಕೆಳಗಿನವರೆಂದು ನೋಡುತ್ತಿದ್ದರೋ ಅವರಿಗಾಗಿ ಬಿಟ್ಟರು. ಊಟದ ಮನೆಗಳು ಮುಚ್ಚಿದವು. ವಿದ್ಯಾರ್ಥಿಗಳಿಗೆ ಹೊರಗೆ ಉಣ್ಣಲು ಆಡಳಿತವೇ ವಾರವಾರ ಹಣ ಕೊಟ್ಟಿತು. ಪಿಕೆಟ್ ದಾಟಲು ಒಪ್ಪದ ಅಧ್ಯಾಪಕರು ಚರ್ಚುಗಳಲ್ಲಿ, ಸಿನಿಮಾ ಮಂದಿರದಲ್ಲಿ, ಮನೆಗಳಲ್ಲಿ ಪಾಠ ಮಾಡಿದರು. ದಾಟಿ ಒಳಹೋದ ಅಧ್ಯಾಪಕರೂ ಇದ್ದರು, ಸ್ವಾತಂತ್ರ್ಯದ ಬಗ್ಗೆ ಪಾಠ ಮಾಡಲೆಂದೇ ಹೋದವರೂ ಇದ್ದಿರಬಹುದು.

ಅಧ್ಯಕ್ಷನಾಗಿದ್ದವನು ಬಾರ್ಟ್‌ಲೆಟ್ ಜಿಯಾಮಟ್ಟಿ, ಪುನರುಜ್ಜೀವನ ಯುಗದ ಕಾವ್ಯದ ದೊಡ್ಡ ವಿದ್ವಾಂಸ. ವಿಶ್ವವಿದ್ಯಾಲಯದ ನಿಧಿ ನೂರು ಕೋಟಿ ಡಾಲರು ದಾಟಿತ್ತು. ಅಕ್ಟೋಬರ್‌ನಲ್ಲಿ ನೂರಾರು ಮಂದಿ ರಸ್ತೆಯಲ್ಲಿ ಕೂತು ಬಂಧನಕ್ಕೊಳಗಾದರು. 1963ರ ವಾಷಿಂಗ್ಟನ್ ಮೆರವಣಿಗೆಯನ್ನು ಸಂಘಟಿಸಿದ ಕರಿಯ ನಾಯಕ ಬೇಯರ್ಡ್ ರಸ್ಟಿನ್ ಕೂಡ ಬಂದು ಬಂಧನಕ್ಕೊಳಗಾದ.

ಡಿಸೆಂಬರ್ ಬಂತು. ಚಳಿ, ಖಾಲಿ ಕೈ. ಇನ್ನೇನು ಕ್ರಿಸ್‌ಮಸ್ ರಜೆ, ವಿದ್ಯಾರ್ಥಿಗಳೇ ಇಲ್ಲದ ಆವರಣದ ಮುಂದೆ ಫಲಕ ಹಿಡಿದು ನಿಂತರೆ ಯಾರಿಗೆ ಬಿಸಿ ಮುಟ್ಟುತ್ತದೆ? ಸದಸ್ಯರು ಸಭೆ ಸೇರಿ, ಒಪ್ಪಂದವಿಲ್ಲದೆಯೇ ಕೆಲಸಕ್ಕೆ ಮರಳುವ ತೀರ್ಮಾನ ಮಾಡಿದರು. ಪತ್ರಿಕೆಗಳನ್ನು ಓದಿದವರಿಗೆ ಇದು ಸೋಲಿನ ಹಾಗೆ ಕಂಡಿರಬೇಕು. ಲೆಕ್ಕ ಬೇರೆ ಇತ್ತು. ಜನವರಿಯಲ್ಲಿ ಲೋಕಲ್ 35ರ ಒಪ್ಪಂದ ಮುಗಿಯುವುದಿತ್ತು. ಆಗ ಎರಡೂ ಸಂಘ ಒಟ್ಟಿಗೆ ಹೊರಬಂದರೆ? ಅಷ್ಟರಲ್ಲಿ ಒಂದು ತಿಂಗಳ ಸಂಬಳವೂ ಕೈಗೆ ಬಂದಿರುತ್ತದೆ. ಹಿಂದೆ ಸರಿಯುವುದನ್ನೂ ಒಟ್ಟಾಗಿ, ಮತ ಹಾಕಿ, ತಾರೀಖು ಗೊತ್ತುಮಾಡಿ ಮಾಡಿದರು. ನಮ್ಮ ಎಷ್ಟೋ ಮುಷ್ಕರಗಳು ಇದೊಂದು ಬಾರದೇ ಒಬ್ಬೊಬ್ಬರಾಗಿ ಹಿಂದಿನ ಬಾಗಿಲಿಂದ ಒಳಹೋಗಿ ಮುಗಿದಿವೆ.

ಎರಡನೇ ಮುಷ್ಕರ ಬೇಕಾಗಲಿಲ್ಲ. 1985ರ ಜನವರಿಯಲ್ಲಿ ಆಡಳಿತ ಒಪ್ಪಂದಕ್ಕೆ ಬಂತು. ಮೂರೂವರೆ ವರ್ಷದಲ್ಲಿ ಸಂಬಳ ನೂರಕ್ಕೆ ಸುಮಾರು 20ರಷ್ಟು ಏರಿಕೆ, ಸೇವಾವಧಿಗೆ ತಕ್ಕ ಬಡ್ತಿ ಸೇರಿದರೆ ಹಲವರಿಗೆ ಅದಕ್ಕಿಂತ ಹೆಚ್ಚು. ಪಿಂಚಣಿ ಸುಧಾರಿಸಿತು. ಲೋಕಲ್ 35 ಕೂಡ ಮುಷ್ಕರವಿಲ್ಲದೆಯೇ ಒಪ್ಪಂದ ಪಡೆಯಿತು. ‘ಸಮಾನ ಮೌಲ್ಯದ ದುಡಿಮೆಗೆ ಸಮಾನ ವೇತನ’ ಎಂಬ ತತ್ವವನ್ನು ಆಡಳಿತ ಬಾಯಿಬಿಟ್ಟು ಒಪ್ಪಲಿಲ್ಲ. ದುಡ್ಡು ಕೊಟ್ಟಿತು, ತಪ್ಪೊಪ್ಪಿಗೆ ಕೊಡಲಿಲ್ಲ.

ಆ ಹೋರಾಟದ ಗಾಳಿ ಬೇರೆಡೆಗೂ ಬೀಸಿತು. 1988ರಲ್ಲಿ ಹಾರ್ವರ್ಡ್‌ನ ಗುಮಾಸ್ತೆಯರು ಗೆದ್ದದ್ದು 44 ಓಟಿನಿಂದ. ಯೇಲ್‌ನಲ್ಲೇ ಪಾಠ ಹೇಳುತ್ತಾ, ಸಂಶೋಧನೆ ಮಾಡುತ್ತಾ ದುಡಿಯುವ ಪದವೀಧರ ವಿದ್ಯಾರ್ಥಿಗಳು ಸಂಘಕ್ಕಾಗಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬಡಿದಾಡಿದರು. ಅವರು ವಿದ್ಯಾರ್ಥಿಗಳು, ನೌಕರರಲ್ಲ ಎಂಬುದು ಆಡಳಿತದ ವಾದ. 2023ರ ಜನವರಿಯಲ್ಲಿ ಅವರ ಓಟು ಎಣಿಸಿದಾಗ ಪರ 1,860, ವಿರುದ್ಧ 179. ಆ ಸಂಘದ ಹೆಸರು ಲೋಕಲ್ 33.