ಕೋಡಿಯ ಮಠದ ದಾರಿ ಯಾವುದು?

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೆರೆಯ ಮಗ್ಗುಲಿಗೇ ಕೇದಾರೇಶ್ವರ ದೇವಾಲಯವಿದೆ. ಕಾಳಾಮುಖ ಶೈವರ ಪ್ರಸಿದ್ಧ ಕೋಡಿಯ ಮಠ ಇದ್ದುದು ಇಲ್ಲಿಯೇ. ಮಠಕ್ಕೆ ವಾಮಶಕ್ತಿ ಯತಿಗಳು ಗುರುಗಳಾಗಿದ್ದಾಗ, ಕಳಚುರಿ ಬಿಜ್ಜಳನ ಕಾಲದಲ್ಲಿ, 1162ರಲ್ಲಿ ಒಂದು ಶಾಸನ ಹುಟ್ಟಿತು. ಮಠದಲ್ಲಿ ವೇದ, ವ್ಯಾಕರಣ, ಕಾವ್ಯಗಳ ಪಾಠ ನಡೆಯುತ್ತಿತ್ತು. ಬಡವರು, ಕುಂಟರು, ಕುರುಡರು, ಕಿವುಡರಿಗೆ ಅನ್ನ ಸಿಗುತ್ತಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆಯೂ ಇತ್ತು ಎನ್ನುತ್ತದೆ ಅದು.

ಇದು ದತ್ತಿಯ ದಾಖಲೆ. ರೋಗಿಗಳಿಗೆಂದು ನೆಟ್ಟ ಫಲಕವಲ್ಲ. ಆದರೂ ಆಸ್ಪತ್ರೆಯ ಹೆಬ್ಬಾಗಿಲಿನ ಫಲಕ ಎಲ್ಲಕ್ಕಿಂತ ಮೊದಲು ಹೇಳಬೇಕಾದ ಮಾತು, ಅಂದರೆ ಒಳಗೆ ಯಾರು ಬರಬಹುದು ಎಂಬುದು, ಇದರಲ್ಲಿ ಸ್ಪಷ್ಟವಾಗಿದೆ.

ಇನ್ನು ದಾರಿಯ ಮಾತು. ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ಜಾಗವೇ ಕೋಡಿ. ಓದು ಬಾರದ ರೈತನಿಗೂ ಅದು ಗೊತ್ತು. ಹೀಗಾಗಿ ಹೆಸರೇ ವಿಳಾಸ. ಊರೊಳಗೆ 1047ರಲ್ಲಿ ಚಾಮುಂಡರಾಯರಸ ನಿಲ್ಲಿಸಿದ ಸುಮಾರು 30 ಅಡಿಯ ಗಂಡಭೇರುಂಡ ಕಂಬವೂ ದೂರದಿಂದಲೇ ಕಣ್ಣಿಗೆ ಬೀಳುವಂಥ ಗುರುತು.

ಅಕ್ಷರವಿಲ್ಲದೆ ತಿಳಿಸುವ ವಿದ್ಯೆಗೆ ನೆರೆಯ ಸೊರಬ ತಾಲ್ಲೂಕಿನ ವೀರಗಲ್ಲುಗಳನ್ನು ನೋಡಬೇಕು. ಉದ್ರಿಯಂಥ ಊರುಗಳಲ್ಲಿ ಅವು ಹಲವಾರಿವೆ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಎಲ್ಲೆಡೆಯೂ ಹೆಚ್ಚುಕಡಿಮೆ ಇದೇ ಕ್ರಮವಾದ್ದರಿಂದ ಒಂದು ಕಲ್ಲು ತಿಳಿದವನಿಗೆ ಉಳಿದವೂ ತಿಳಿಯುತ್ತವೆ.

ಇಂದಿನ ಆಸ್ಪತ್ರೆಗಳ ಫಲಕ ರಚನೆಯ ಸೂತ್ರವೂ ಇದೇ. ಇಂಗ್ಲಿಷ್ ಬಾರದ ರೋಗಿಗಳಿಗಾಗಿ ಅಮೆರಿಕದಲ್ಲಿ 2000ದ ದಶಕದಲ್ಲಿ ಆಸ್ಪತ್ರೆಗಳಿಗೆಂದೇ ಚಿತ್ರಸಂಕೇತಗಳನ್ನು ರೂಪಿಸಲಾಯಿತು. ಒಂದು ವಿಭಾಗಕ್ಕೆ ಎಲ್ಲ ಮಹಡಿಗಳಲ್ಲೂ ಒಂದೇ ಚಿತ್ರ, ಒಂದೇ ಹೆಸರು ಇರಬೇಕು. ದಾರಿ ಕವಲೊಡೆಯುವ ಕಡೆಯಲ್ಲೆಲ್ಲ ಬಾಣದ ಗುರುತು ಬೇಕು. ‘ರೇಡಿಯಾಲಜಿ’ ಎಂದರೆ ತಬ್ಬಿಬ್ಬಾಗುವ ಅಜ್ಜಿಗೆ ‘ಎಕ್ಸ್‌ರೇ ಕೋಣೆ’ ಎಂದರೆ ಸಾಕು. ಎದೆನೋವಿನವನನ್ನು ಹೊತ್ತು ತಂದವರು ತಪ್ಪು ಓಣಿಯಲ್ಲಿ ಕಳೆಯುವ ಐದು ನಿಮಿಷ ಪ್ರಾಣಕ್ಕೇ ಎರವಾಗಬಹುದು.

ಆದರೆ ಕೋಡಿಯ ಮಠದ ಪಟ್ಟಿಯಲ್ಲಿ ಕುರುಡರೂ ಇದ್ದರು. ಅವರಿಗೆ ಅಕ್ಷರವೂ ಇಲ್ಲ, ಚಿತ್ರವೂ ಇಲ್ಲ. ಇಂದು ಬ್ರೈಲ್ ಫಲಕಗಳು ಬಂದಿವೆ. ಬ್ರೈಲ್ ಕಲಿಯದವರೂ ಬಹಳ ಮಂದಿ ಇದ್ದಾರೆ. ಆದ್ದರಿಂದ ಎಷ್ಟೇ ಒಳ್ಳೆಯ ಫಲಕ ಹಾಕಿದರೂ, ಬಾಗಿಲಲ್ಲಿ ‘ಎಲ್ಲಿಗೆ ಹೋಗಬೇಕು?’ ಎಂದು ಕೇಳಿ ಕೈಹಿಡಿದು ಕರೆದೊಯ್ಯುವವರೊಬ್ಬರು ಇರಲೇಬೇಕು.