ತಾಯಿಯ ಪಾಳಿ ಬದಲಾದಾಗ ಮಗುವಿನ ಪಾಲನೆ ಯಾರದು?

ದುಡಿಯುವ ತಾಯಿ ತನ್ನ ಮಗುವನ್ನು ಎಲ್ಲಿ ಬಿಡಬೇಕೆಂಬುದನ್ನು ಅನೇಕ ಬಾರಿ ಆಕೆಯ ಇಚ್ಛೆಗಿಂತ ಕೆಲಸದ ವೇಳೆಯೇ ನಿರ್ಧರಿಸುತ್ತದೆ. ಆಸ್ಪತ್ರೆಯ ದಾದಿಗೆ ಪಾಳಿ ಬದಲಾಗುತ್ತಿರುತ್ತದೆ. ಗಾರ್ಮೆಂಟ್ಸ್ ಕಾರ್ಮಿಕಳಿಗೆ ಹೆಚ್ಚುವರಿ ದುಡಿಮೆ ಎದುರಾಗುತ್ತದೆ. ಕಾಲ್ ಸೆಂಟರ್ ಉದ್ಯೋಗಿಗೆ ರಾತ್ರಿಯೇ ಹಗಲು.

ಅಂಗನವಾಡಿ ಈ ವರ್ಗಕ್ಕೆ ಹತ್ತಿರದ ಆಸರೆ. ಸಮಗ್ರ ಶಿಶು ಅಭಿವೃದ್ಧಿ ಸೇವಾ ಯೋಜನೆ ರಾಜ್ಯದಲ್ಲಿ 1975ರ ಅಕ್ಟೋಬರ್ 2ರಂದು ಮೈಸೂರು ಜಿಲ್ಲೆಯ ತಿ.ನರಸೀಪುರದಲ್ಲಿ ಆರಂಭವಾಯಿತು. ಆದರೆ ಅಂಗನವಾಡಿಯ ಬಾಗಿಲು ಸಂಜೆ 4ರ ವೇಳೆಗೆ ಮುಚ್ಚುತ್ತದೆ. 2017ರ ರಾಷ್ಟ್ರೀಯ ಶಿಶುಪಾಲನಾ ಯೋಜನೆಯ ಕೇಂದ್ರಗಳಿಗೆ ದಿನಕ್ಕೆ ಏಳೂವರೆ ಗಂಟೆ, ತಿಂಗಳಿಗೆ 26 ದಿನಗಳ ಅವಧಿ ನಿಗದಿಯಾಗಿತ್ತು. 2022ರಲ್ಲಿ ಈ ಯೋಜನೆ 'ಪಾಲನಾ' ಎಂಬ ಹೆಸರಿನಲ್ಲಿ 'ಮಿಷನ್ ಶಕ್ತಿ'ಯ ಅಂಗವಾಯಿತು. ಎಂಟು ಗಂಟೆಯ ದುಡಿಮೆಗೆ ಊಟದ ವಿರಾಮ ಹಾಗೂ ಬಸ್ ಪ್ರಯಾಣ ಸೇರಿದರೆ ಏಳೂವರೆ ಗಂಟೆ ಸಾಲದು.

ಕಾನೂನಿನ ನೆರವು ಬೇರೆ ಬಗೆಯದು. 1948ರ ಕಾರ್ಖಾನೆಗಳ ಕಾಯ್ದೆ, 1976ರ ತಿದ್ದುಪಡಿಯ ನಂತರ, 30ಕ್ಕಿಂತ ಹೆಚ್ಚು ಮಹಿಳೆಯರಿರುವ ಕಾರ್ಖಾನೆಗಳಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೊಠಡಿ ಕಡ್ಡಾಯಗೊಳಿಸಿತ್ತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ, 50 ಅಥವಾ ಅದಕ್ಕಿಂತ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರ ಒದಗಿಸಬೇಕೆಂದೂ ತಾಯಿಗೆ ದಿನಕ್ಕೆ 4 ಬಾರಿ ಭೇಟಿಯ ಅವಕಾಶ ನೀಡಬೇಕೆಂದೂ ವಿಧಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೇ ಅಂಶವಿದೆ. ಮನೆಗೆಲಸದವರು, ಸಣ್ಣ ಅಂಗಡಿಗಳ ನೌಕರರು ಈ ಮಿತಿಯ ಹೊರಗಿದ್ದಾರೆ.

ಕಾರ್ಖಾನೆಯಲ್ಲಿ ಕೇಂದ್ರವಿದ್ದರೂ ನಸುಕಿನಲ್ಲಿ ಅಥವಾ ತಡರಾತ್ರಿ ಕಿಕ್ಕಿರಿದ ವಾಹನದಲ್ಲಿ ಕೂಸನ್ನು ಒಯ್ಯುವುದು ಸುಲಭವಲ್ಲ. ಹೀಗಾಗಿ ಪಾಳಿ ಬದಲಾಗುವ ತಾಯಂದಿರು ಅಜ್ಜಿ, ಅತ್ತೆ, ನೆರೆಮನೆಯವರು ಅಥವಾ ಹಿರಿಯ ಮಗಳನ್ನೇ ನೆಚ್ಚುವುದುಂಟು. ದಂಪತಿ ಬೇರೆ ಬೇರೆ ಪಾಳಿಯಲ್ಲಿ ದುಡಿದು ಸರದಿಯಂತೆ ಮಗುವನ್ನು ನೋಡಿಕೊಳ್ಳುವುದೂ ಇದೆ. ಯಾವ ದಾರಿಯೂ ಒದಗದಿದ್ದಾಗ ಮಗು ಊರಿನ ಅಜ್ಜಿಯ ಮನೆ ಸೇರುತ್ತದೆ. ಇಲ್ಲವೇ ತಾಯಿ ಕೆಲಸ ಬಿಡುತ್ತಾಳೆ.

ರಾಜ್ಯ ಸರ್ಕಾರ 2019ರ ನವೆಂಬರ್‌ನಲ್ಲಿ ಕಾರ್ಖಾನೆಗಳ ರಾತ್ರಿ ಪಾಳಿಗೆ ಮಹಿಳೆಯರನ್ನು ಷರತ್ತುಬದ್ಧವಾಗಿ ಅನುಮತಿಸಿತು. 2023ರಲ್ಲಿ ವಿಧಾನಮಂಡಲವು ದಿನದ ದುಡಿಮೆಯನ್ನು 12 ಗಂಟೆಯವರೆಗೆ ವಿಸ್ತರಿಸಲು ಅವಕಾಶ ನೀಡುವ ತಿದ್ದುಪಡಿಯನ್ನು ಅಂಗೀಕರಿಸಿತು. ದುಡಿಮೆಯ ವೇಳೆ ಹೀಗೆ ಹಿಗ್ಗಿದಂತೆ ಪಾಲನಾ ಕೇಂದ್ರದ ವೇಳೆಯೂ ಹಿಗ್ಗದಿದ್ದರೆ, ಉಳಿದ ಗಂಟೆಗಳ ಹೊಣೆ ಅಜ್ಜಿಯ ಅಥವಾ ಅಕ್ಕನ ಹೆಗಲಿಗೇ ಬೀಳುತ್ತದೆ.