ಮುಖ ತಿರುಗಿಸಿದ ಗಡಿಯಾರ

ಗಡಿಯಾರವು ಗಂಡಸಿನ ಮಣಿಕಟ್ಟಿಗೆ ಬಂದದ್ದು ತೀರ ಈಚಿನ ಮಾತು. ಹಿಂದಿನವರು ಅದನ್ನು ಸರಪಳಿಗೆ ತೊಡಿಸಿ ಜೇಬಿನಲ್ಲಿ ಜೋಪಾನ ಮಾಡುತ್ತಿದ್ದರು. ಕೈಗೆ ಕಟ್ಟಿಕೊಳ್ಳುವುದು ಹೆಂಗಸರ ಅಲಂಕಾರವೆಂದು ಬಗೆದಿದ್ದರು. ಈ ಭಾವನೆಯನ್ನು ಅಳಿಸಿದ್ದು ಮೊದಲನೆಯ ಮಹಾಯುದ್ಧ. ಬಂದೂಕು ಹಿಡಿದವನಿಗೆ ಜೇಬು ತಡಕುವ ವ್ಯವಧಾನವೆಲ್ಲಿಯದು? ಆದರೆ ಜೇಬಿನಿಂದ ಹೊರಬಂದ ಗಡಿಯಾರ ತನ್ನ ರಕ್ಷೆಯನ್ನೂ ಕಳೆದುಕೊಂಡಿತು. ಕೈಗೆ ಬಿದ್ದ ಪೆಟ್ಟು ಗಾಜಿಗೂ ಬಿತ್ತು. ರಿವರ್ಸೋ ಎಂಬ ಹೆಸರಾಂತ ಸ್ವಿಸ್ ಗಡಿಯಾರದ ಕಥೆ ಆರಂಭವಾಗುವುದು ಈ ದೌರ್ಬಲ್ಯದಿಂದಲೇ.

ಆ ಕಥೆಯ ಮೊದಲ ಅಂಕದ ರಂಗಭೂಮಿ ನಮ್ಮ ದೇಶ. ಕುದುರೆಯೇರಿ ಚೆಂಡನ್ನು ಹೊಡೆಯುವ ಪೋಲೋ ಆಟವನ್ನು ಇಂಗ್ಲಿಷರು ಕಲಿತದ್ದು ಮಣಿಪುರಿಗಳಿಂದ. 1859ರಲ್ಲಿ, ಇಂದಿನ ಅಸ್ಸಾಮಿಗೆ ಸೇರಿದ ಸಿಲ್ಚರಿನಲ್ಲಿ, ಅವರ ಪೋಲೋ ಕ್ಲಬ್ಬು ಹುಟ್ಟಿತು. ಮುಂದೆ 1930ರ ಸುಮಾರಿನಲ್ಲಿ ಭಾರತಕ್ಕೆ ಬಂದಿದ್ದ ಸೇಸಾರ್ ದ ತ್ರೇ ಎಂಬ ಗಡಿಯಾರದ ವ್ಯಾಪಾರಿಗೆ ಸೇನಾಧಿಕಾರಿಯೊಬ್ಬ ಆಟದಲ್ಲಿ ಒಡೆದ ತನ್ನ ಗಡಿಯಾರವನ್ನು ತೋರಿಸಿ, ಇಂಥ ಪೆಟ್ಟನ್ನು ತಾಳುವಂಥದೊಂದನ್ನು ಮಾಡಲಾಗದೆ ಎಂದು ಕೇಳಿದನೆಂಬುದು ತಯಾರಕರ ಮನೆಯಲ್ಲಿ ನಡೆದುಬಂದ ಐತಿಹ್ಯ.

ದ ತ್ರೇ ಈ ಪ್ರಶ್ನೆಯನ್ನು ಲೆ ಸೆಂಟಿಯೆ ಎಂಬ ಊರಿನ ಜಾಕ್-ದಾವಿದ್ ಲೆಕೂಲ್ತ್ರನ ಮುಂದಿಟ್ಟನು. ಆ ಮನೆತನದ ಕಾರ್ಯಾಗಾರ 1833ರಷ್ಟು ಹಳೆಯದು. ಉತ್ತರ ಕಂಡುಹಿಡಿದವನು ರೆನೆ-ಆಲ್ಫ್ರೆಡ್ ಶೋವೋ ಎಂಬ ಯಂತ್ರಶಿಲ್ಪಿ. ಅವನ ಯೋಜನೆಗೆ 1931ರ ಮಾರ್ಚ್ 4ರಂದು ಪ್ಯಾರಿಸಿನಲ್ಲಿ ಪೇಟೆಂಟಿನ ಅರ್ಜಿ ಸಲ್ಲಿಸಲಾಯಿತು. ಗಾಜನ್ನು ಗಟ್ಟಿಮಾಡುವ ಗೋಜಿಗೆ ಅವನು ಹೋಗಲಿಲ್ಲ. ಆಯತಾಕಾರದ ಗಡಿಯಾರವು ತನ್ನ ಚೌಕಟ್ಟಿನಲ್ಲಿ ಪಕ್ಕಕ್ಕೆ ಸರಿದು, ಮಗುಚಿ, ಲೋಹದ ಬೆನ್ನನ್ನು ಹೊರಗೊಡ್ಡುವಂತೆ ಮಾಡಿದನು. ರಿವರ್ಸೋ ಎಂದರೆ ಲ್ಯಾಟಿನ್ನಿನಲ್ಲಿ 'ನಾನು ತಿರುಗುತ್ತೇನೆ' ಎಂದರ್ಥ.

ಪೆಟ್ಟು ತಿನ್ನಲೆಂದು ಇಟ್ಟ ಈ ಬರಿಯ ಬೆನ್ನೇ ಕಾಲಕ್ರಮದಲ್ಲಿ ಗಡಿಯಾರದ ಭೂಷಣವಾಯಿತು. ಶ್ರೀಮಂತರು ಅದರ ಮೇಲೆ ಹೆಸರಿನ ಮೊದಲಕ್ಷರಗಳನ್ನೂ ವಂಶಲಾಂಛನಗಳನ್ನೂ ಕೆತ್ತಿಸಿದರು, ಎನಾಮಲಿನ ಕಿರುಚಿತ್ರಗಳನ್ನು ಬರೆಯಿಸಿದರು. ಅಮೆರಿಕದ ಸೇನಾನಿ ಡಗ್ಲಸ್ ಮೆಕಾರ್ಥರನ ರಿವರ್ಸೋದ ಬೆನ್ನಿನಲ್ಲಿ ಅವನ ಹೆಸರಿನ ಅಕ್ಷರಗಳಿದ್ದವು.

ಎರಡನೆಯ ಮಹಾಯುದ್ಧದ ಅನಂತರ ಉರುಟಾದ, ನೀರು ಹೊಗದ ಗಡಿಯಾರಗಳು ಮೆರೆದವು. 1969ರ ಡಿಸೆಂಬರಿನಲ್ಲಿ ಜಪಾನಿನ ಸೈಕೋ ಸಂಸ್ಥೆ ಕ್ವಾರ್ಟ್ಜ್ ಕೈಗಡಿಯಾರವನ್ನು ಹೊರತಂದಿತು. ಸ್ವಿಸ್ ಉದ್ಯಮದ ಬುಡವೇ ಅಲುಗಿತು. ಮರೆವಿಗೆ ಸಂದಿದ್ದ ರಿವರ್ಸೋವನ್ನು ಎತ್ತಿ ನಿಲ್ಲಿಸಿದವನು ಇಟಲಿಯ ವ್ಯಾಪಾರಿ ಜಾರ್ಜೋ ಕೊರ್ವೋ. ಕಾರ್ಖಾನೆಯಲ್ಲಿ ಉಳಿದಿದ್ದ ಸುಮಾರು 200 ಖಾಲಿ ಕವಚಗಳನ್ನು 1972ರಲ್ಲಿ ಕೊಂಡು, ಯಂತ್ರ ಕೂರಿಸಿ ಮಾರಿದನು. ಅವು ಬಹುಬೇಗ ಖರ್ಚಾದವು. 1985ರಲ್ಲಿ ಕವಚವನ್ನು ಹೊಸದಾಗಿ ರೂಪಿಸಲಾಯಿತು. ಗಡಿಯಾರ ಇಂದಿಗೂ ತಯಾರಾಗುತ್ತಿದೆ.

ವಾಚಕರು ಕೇಳಬಹುದು: ಸಂತೆಯಲ್ಲಿ ಸಿಗುವ ಅಗ್ಗದ ಕ್ವಾರ್ಟ್ಜ್ ಗಡಿಯಾರ ಇದಕ್ಕಿಂತ ನಿಖರವಾದ ವೇಳೆ ಹೇಳುವಾಗ ಇದಕ್ಕೇಕೆ ಇಷ್ಟು ಮರ್ಯಾದೆ? ಕೊಂಡವನು ಹಣ ತೆರುವುದು ವೇಳೆಗಲ್ಲ, ತನ್ನ ಹೆಸರು ಕೆತ್ತಿಸಿಕೊಳ್ಳಬಹುದಾದ ಒಂದು ಅಂಗುಲದ ಜಾಗಕ್ಕೆ, ಕೈಯಿಂದ ಕೈಗೆ ದಾಟುವ ನೆನಪಿಗೆ. ಇದು ಮನುಷ್ಯಸಹಜವಾದ ಆಸೆ, ಹಳಿಯಬೇಕಾದ್ದಿಲ್ಲ. ಆದರೆ ಆಟ ಕಲಿಸಿದ ಮಣಿಪುರಿಯ ಹೆಸರನ್ನಾಗಲಿ, ಬಿಸಿಲಿನಲ್ಲಿ ಲಗಾಮು ಹಿಡಿದು ನಿಂತ ಆಳಿನ ಹೆಸರನ್ನಾಗಲಿ ಆ ಹೊಳೆಯುವ ಬೆನ್ನಿನ ಮೇಲೆ ಹುಡುಕುವಂತಿಲ್ಲ. ವೈಭವದ ವಸ್ತುಗಳ ಚರಿತ್ರೆಯನ್ನು ಓದುವಾಗ ನಾವೂ ಅವುಗಳನ್ನು ಒಮ್ಮೆ ಮಗುಚಿ ನೋಡುವುದು ಒಳಿತು.